ನಾರು ಬೇಕಾಗಿರುವುದು ನಮಗಾ, ನಮ್ಮೊಳಗಿನವರಿಗಾ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎಳೆದಾಡಿದ್ದನ್ನು ಚೂರು ಮೊಟಕು ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಎಡಗೈಯಲ್ಲಿರುವುದು ಒಂದು ಉಂಡೆ ಹತ್ತಿ. ಬಲಗೈಯಲ್ಲಿರುವುದು ಬೇಯಿಸಿದ ಆಲೂಗಡ್ಡೆಯ ಒಂದು ಚೂರು. ಹಿಂದಿನ ಸಾಲಿನವರಿಗೆ ಕಾಣಿಸದಿದ್ದರೆ ಸುಮ್ನೆ ನಂಬಿಬಿಡಿ.

ಆಲೂಗಡ್ಡೆಯ ನೀರು ತೆಗೆದರೆ ಉಳಿಯುವುದು ಹೆಚ್ಚುಪಾಲು ಪಿಷ್ಟ. ಹತ್ತಿ ಎಂದರೆ ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸ್. ಇವೆರಡೂ ಒಂದೇ ಮಣಿಯಿಂದ ಪೋಣಿಸಿದ ಸರಗಳು. ಆ ಮಣಿಯೇ ಗ್ಲೂಕೋಸ್. ವ್ಯತ್ಯಾಸ ಇರುವುದು ಪೋಣಿಸಿದ ರೀತಿಯಲ್ಲಿ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಕಡೆಗೆ ಮುಖ ಮಾಡಿವೆ. ಸೆಲ್ಯುಲೋಸ್‌ನಲ್ಲಿ ಒಂದು ನೇರ, ಪಕ್ಕದ್ದು ತಲೆಕೆಳಗು, ಅದರ ಪಕ್ಕದ್ದು ಮತ್ತೆ ನೇರ. ಇಷ್ಟೇ.

ಆಲೂಗಡ್ಡೆಯನ್ನು ಬಾಯಿಗೆ ಹಾಕಿಕೊಂಡೆ. ಜೊಲ್ಲಿನಲ್ಲಿರುವ ಎನ್‌ಜೈಮ್ ಆಗಲೇ ಸರವನ್ನು ತುಂಡರಿಸಲು ಶುರು ಮಾಡಿದೆ. ಹತ್ತಿ ತಿಂದರೆ? ನೀವು ಗಂಟೆಗಟ್ಟಲೆ ಅಗಿದರೂ ಒಂದು ಮಣಿಯೂ ಉದುರುವುದಿಲ್ಲ. ಆ ತಲೆಕೆಳಗಿನ ಗಂಟನ್ನು ಬಿಚ್ಚುವ ಕತ್ತರಿ ನಮ್ಮ ಒಡಲಿನಲ್ಲಿ ಇಲ್ಲ. ಹೊಟ್ಟೆ ತುಂಬ ಗ್ಲೂಕೋಸ್ ಇದ್ದೂ ಉಪವಾಸ ಸಾಯಬಹುದು.

ಇಲ್ಲೇ ಒಂದು ತಮಾಷೆ ಇದೆ. ಡಾಕ್ಟರು, ಪೇಪರ್ರು, ಮನೆಯ ಹಿರಿಯರು, ಬಿಸ್ಕತ್ತಿನ ಪೊಟ್ಟಣ, ಎಲ್ಲರೂ ಹೇಳುವುದು ಒಂದೇ ಮಾತು: ನಾರು ತಿನ್ನಿ. ಅಂದರೆ ಯಾವುದನ್ನು ಅರಗಿಸಿಕೊಳ್ಳಲು ನಮಗೆ ಆಗುವುದಿಲ್ಲವೋ ಅದನ್ನೇ ತಿನ್ನಿ ಅನ್ನುತ್ತಿದ್ದಾರೆ! ವಿಟಮಿನ್ ತಿನ್ನಿ ಅಂದರೆ ಅರ್ಥವಾಗುತ್ತದೆ. ಅರಗದ್ದನ್ನು ಯಾಕೆ ತಿನ್ನಬೇಕು? ಇದು ಪೆದ್ದು ಪ್ರಶ್ನೆ ಅಲ್ಲ. ಮಾಂಸ ಮಾತ್ರ ತಿಂದು ಬದುಕುತ್ತೇವೆ ಅನ್ನುವ ಒಂದು ಗುಂಪು ಈಗ ಇದೇ ಪ್ರಶ್ನೆಯನ್ನು ಜೋರಾಗಿ ಕೇಳುತ್ತಿದೆ. ಅವರನ್ನು ಗೇಲಿ ಮಾಡಿ ಮುಂದೆ ಹೋಗುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ, ಯಾಕೆಂದರೆ ಅವರ ವಾದದ ಅರ್ಧ ಭಾಗ ಸರಿ ಇದೆ.

ಮೊದಲು ನಾರು ಎಂದರೇನು ಅಂತ ಬೇಗ ಹೇಳಿಬಿಡುತ್ತೇನೆ. ಆಹಾರದ ನಾರು ಅನ್ನುವ ಅರ್ಥದಲ್ಲಿ ಈ ಪದವನ್ನು 1953ರಲ್ಲಿ ಮೊದಲು ಬಳಸಿದವರು ಹಿಪ್ಸ್‌ಲಿ ಎಂಬ ವೈದ್ಯರು. ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿಯುವ ಸಸ್ಯದ ಭಾಗಗಳಿಗೆಲ್ಲ ಈಗ ಇದೊಂದೇ ಹೆಸರು. ಸೆಲ್ಯುಲೋಸ್ ಇದೆ, ಹಣ್ಣಿನ ಪೆಕ್ಟಿನ್ ಇದೆ, ಗೆಡ್ಡೆಗಳ ಇನ್ಯುಲಿನ್ ಇದೆ, ಬೆಂದು ಆರಿದ ಮೇಲೆ ಗಟ್ಟಿಯಾದ ಪಿಷ್ಟದ ಒಂದು ಪಾಲೂ ಇದೆ. ಕೆಲವು ನೀರಿನಲ್ಲಿ ಕರಗಿ ಲೋಳೆಯಾಗುತ್ತವೆ, ಕೆಲವು ಪೊರಕೆ ಕಡ್ಡಿಯ ಹಾಗೆ ಹಾಗೇ ಉಳಿಯುತ್ತವೆ. ಇವನ್ನೆಲ್ಲ ಒಂದೇ ಹೆಸರಿನಲ್ಲಿ ಕರೆದಿದ್ದೇ ಅರ್ಧ ಗೊಂದಲಕ್ಕೆ ಕಾರಣ ಅಂತ ನನಗನ್ನಿಸುತ್ತದೆ. ಒಂದು ಬಗೆಯ ನಾರಿನ ಮೇಲೆ ಪರೀಕ್ಷೆ ಮಾಡಿ ನಾರಿನಿಂದ ಉಪಯೋಗ ಇಲ್ಲ ಅನ್ನುತ್ತಾರೆ. ಇನ್ನೊಂದರ ಮೇಲೆ ಮಾಡಿ ಅಮೃತ ಅನ್ನುತ್ತಾರೆ.

ಈಗ "ಬೇಕು" ಅನ್ನುವ ಪದಕ್ಕೆ ಬರೋಣ. ವಿಟಮಿನ್ ಸಿ ಬೇಕು ಅಂದಾಗ ನಾವು ಹೇಳುವುದು ಏನು? ಅದು ಸಿಗದಿದ್ದರೆ ಕೆಲವೇ ತಿಂಗಳಲ್ಲಿ ವಸಡಿನಲ್ಲಿ ರಕ್ತ ಬರುತ್ತದೆ, ಹಳೆಯ ಗಾಯ ಬಾಯಿ ಬಿಡುತ್ತದೆ, ಕೊನೆಗೆ ಪ್ರಾಣ ಹೋಗುತ್ತದೆ. ಆ ರೋಗಕ್ಕೆ ಸ್ಕರ್ವಿ ಎಂಬ ಹೆಸರೂ ಇದೆ. ನಾರು ಇಲ್ಲದಿದ್ದರೆ ಬರುವ ರೋಗದ ಹೆಸರೇನು? ಯೋಚಿಸಿ. ಹಾಗೊಂದು ಹೆಸರೇ ಇಲ್ಲ. ಕರುಳು ಕೆಲಸ ಮಾಡದ ರೋಗಿಗಳಿಗೆ ರಕ್ತನಾಳದ ಮೂಲಕವೇ ಊಟ ಕೊಡುತ್ತಾರೆ. ಅದರಲ್ಲಿ ಒಂದು ಗ್ರಾಂ ನಾರೂ ಇರುವುದಿಲ್ಲ. ಅವರು ವರ್ಷಗಟ್ಟಲೆ ಬದುಕುತ್ತಾರೆ.

ಇನ್ನೂ ಗಟ್ಟಿ ಉದಾಹರಣೆ ಬೇಕಾ? ಉತ್ತರ ಧ್ರುವದ ಕಡೆ ವರ್ಷಗಟ್ಟಲೆ ಸುತ್ತಿದ ವಿಲ್ಯಾಲ್ಮುರ್ ಸ್ಟೆಫಾನ್ಸನ್ ಎಂಬಾತ ಇದ್ದ. ಇನುಯಿಟ್ ಜನರ ಜೊತೆ ಮಾಂಸ, ಮೀನು ತಿಂದು ಬದುಕಿದವನು. ಇದನ್ನು ಹೇಳಿದರೆ ಯಾರೂ ನಂಬಲಿಲ್ಲ. ಹಾಗಾಗಿ 1928ರಲ್ಲಿ ಅವನೂ ಅವನ ಜೊತೆಗಾರ ಕಾರ್ಸ್ಟನ್ ಆಂಡರ್ಸನ್ ಕೂಡ ನ್ಯೂಯಾರ್ಕ್‌ನ ಬೆಲ್ವ್ಯೂ ಆಸ್ಪತ್ರೆಗೆ ಸೇರಿಕೊಂಡು ವೈದ್ಯರ ಕಣ್ಣೆದುರಿಗೇ ಮಾಂಸದ ಊಟ ಶುರು ಮಾಡಿದರು. ಒಟ್ಟು ಒಂದು ವರ್ಷ. ಮೊದಲ ಕೆಲವು ದಿನ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟಾಗ ಹೊಟ್ಟೆ ಕೆಟ್ಟು ಮಲಗಿದ. ಕೊಬ್ಬು ಸೇರಿಸಿದ ಮೇಲೆ ಸರಿಹೋಯಿತು. ವರ್ಷದ ಕೊನೆಗೆ ಇಬ್ಬರೂ ಚೆನ್ನಾಗಿಯೇ ಇದ್ದರು, ಸ್ಕರ್ವಿಯೂ ಬರಲಿಲ್ಲ. ಇಬ್ಬರು ಮನುಷ್ಯರು, ಒಂದು ವರ್ಷ. ಅದರಿಂದ ಸಾಬೀತಾಗುವುದು ಎಷ್ಟೋ ಅಷ್ಟೇ. ಆದರೂ ಸಾಯುವುದಿಲ್ಲ ಅಂತ ಸಾಬೀತಾಯಿತು, ಅಲ್ವಾ?

ಹಾಗಾದರೆ ಮಾತು ಮುಗಿಯಿತು, ಮನೆಗೆ ಹೋಗೋಣ ಅನ್ನಬಹುದು. ನಿಲ್ಲಿ. ವಿಟಮಿನ್ ಸಿ ಕಥೆಯಲ್ಲಿ ಇನ್ನೊಂದು ಎಳೆ ಉಳಿದಿದೆ.

ಹೆಚ್ಚಿನ ಪ್ರಾಣಿಗಳು ವಿಟಮಿನ್ ಸಿಯನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮ್ಮ ಪೂರ್ವಜರೂ ತಯಾರಿಸುತ್ತಿದ್ದರು. ಸುಮಾರು 6 ಕೋಟಿ ವರ್ಷಗಳ ಹಿಂದೆ ನಮ್ಮ ವಂಶದಲ್ಲಿ ಆ ಜೀನ್ ಕೆಟ್ಟುಹೋಯಿತು. ಆದರೂ ಯಾರಿಗೂ ತೊಂದರೆ ಆಗಲಿಲ್ಲ. ಯಾಕೆಂದರೆ ಮರದ ತುಂಬ ಹಣ್ಣು, ಎಲೆ. ಊಟದಲ್ಲಿ ದಿನವೂ ಸಿಗುತ್ತಿದ್ದುದನ್ನು ಮೈಯಲ್ಲಿ ತಯಾರಿಸುವ ಅಗತ್ಯ ಇರಲಿಲ್ಲ. ಲಕ್ಷಾಂತರ ವರ್ಷ ಬಿಡದೆ ಸಿಗುವ ವಸ್ತುವನ್ನು ಒಡಲು ಇದ್ದೇ ಇರುತ್ತದೆ ಅಂತ ಲೆಕ್ಕಕ್ಕೆ ಹಿಡಿದುಬಿಡುತ್ತದೆ. ಅದಕ್ಕೆ ತಕ್ಕ ಹಾಗೆ ತನ್ನ ಮನೆ ಕಟ್ಟಿಕೊಳ್ಳುತ್ತದೆ. ಆಮೇಲೆ ಒಂದು ದಿನ ಹಡಗು ಹತ್ತಿ ತಿಂಗಳುಗಟ್ಟಲೆ ಒಣ ರೊಟ್ಟಿ ತಿಂದಾಗಲೇ ಆ ಲೆಕ್ಕ ತಪ್ಪಿದ್ದು ಗೊತ್ತಾಗುವುದು.

ನಾರಿನ ವಿಷಯದಲ್ಲೂ ಕೇಳಬೇಕಾದ್ದು ಇದನ್ನೇ. ಬಿಟ್ಟರೆ ಸಾಯುತ್ತೇವಾ ಅಂತಲ್ಲ. ನಮ್ಮ ಒಡಲು ನಾರು ಬಂದೇ ಬರುತ್ತದೆ ಅಂತ ನಂಬಿಕೊಂಡು ಕಟ್ಟಿದ್ದಾ?

ಮೊದಲು ನೆಂಟರ ಮನೆಗೆ ಹೋಗಿ ಬರೋಣ. ಗೊರಿಲ್ಲಾ ದಿನವಿಡೀ ಎಲೆ, ಕಾಂಡ, ತೊಗಟೆ ಮೇಯುತ್ತದೆ. ಅದರ ಹೊಟ್ಟೆ ಅಷ್ಟು ದಪ್ಪ ಇರುವುದು ಕೊಬ್ಬಿನಿಂದಲ್ಲ, ಒಳಗಿರುವ ದೊಡ್ಡ ಕರುಳಿನಿಂದ. ಅಲ್ಲಿ ಬ್ಯಾಕ್ಟೀರಿಯಾಗಳು ನಾರನ್ನು ಹುಳಿ ಬರಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಕಾಡಿನ ಗೊರಿಲ್ಲಾಕ್ಕೆ ಸಿಗುವ ಶಕ್ತಿಯಲ್ಲಿ ಸುಮಾರು ಶೇ. 57 ಈ ದಾರಿಯಿಂದ ಬರುತ್ತದೆ ಅಂತ ಒಂದು ಅಂದಾಜಿದೆ. ಅರ್ಧಕ್ಕಿಂತ ಜಾಸ್ತಿ! ತಿನ್ನುವುದು ಎಲೆ, ಬದುಕುವುದು ಕೊಬ್ಬಿನಾಮ್ಲದ ಮೇಲೆ. ನಮ್ಮಲ್ಲಿ ಈ ಪಾಲು ಶೇ. 10 ದಾಟುವುದು ಕಷ್ಟ.

ಕರುಳಿನ ಅಳತೆಯೂ ಇದನ್ನೇ ಹೇಳುತ್ತದೆ. ಗೊರಿಲ್ಲಾ, ಚಿಂಪಾಂಜಿಗಳಲ್ಲಿ ಜೀರ್ಣಾಂಗದ ಒಟ್ಟು ಗಾತ್ರದ ಅರ್ಧದಷ್ಟು ದೊಡ್ಡ ಕರುಳು. ನಮ್ಮಲ್ಲಿ ಅದು ಸುಮಾರು ಐದನೇ ಒಂದು ಭಾಗ. ಅರ್ಧಕ್ಕಿಂತ ಜಾಸ್ತಿ ಜಾಗ ಸಣ್ಣ ಕರುಳಿನದು. ಸಣ್ಣ ಕರುಳು ಮೆದುವಾದ, ಸುಲಭವಾಗಿ ಅರಗುವ ಊಟವನ್ನು ಹೀರಿಕೊಳ್ಳುವ ಜಾಗ. 1995ರಲ್ಲಿ ಲೆಸ್ಲಿ ಐಯೆಲ್ಲೊ ಮತ್ತು ಪೀಟರ್ ವೀಲರ್ ಇದರ ಮೇಲೆ ಒಂದು ಚಂದದ ವಾದ ಕಟ್ಟಿದರು. ನಮ್ಮ ಗಾತ್ರದ ಬೇರೆ ಪ್ರೈಮೇಟ್‌ಗೆ (ಕೋತಿ, ವಾನರ, ಮನುಷ್ಯರ ಬಳಗ) ಇರಬೇಕಾದ ಕರುಳಿನಲ್ಲಿ ನಮಗಿರುವುದು ಸುಮಾರು ಶೇ. 60 ಮಾತ್ರ. ಕರುಳಿನಲ್ಲಿ ಉಳಿಸಿದ ಖರ್ಚನ್ನು ಮಿದುಳಿಗೆ ಹಾಕಿದೆವು ಅಂದರು. ಮಾಂಸ, ಮಜ್ಜೆ, ಆಮೇಲೆ ಬೆಂಕಿಯಲ್ಲಿ ಬೆಂದ ಗೆಡ್ಡೆ, ಇವು ಸಿಕ್ಕಿದ್ದರಿಂದ ದೊಡ್ಡ ಕರುಳಿನ ಕಾರ್ಖಾನೆ ಬೇಡವಾಯಿತು. 2011ರಲ್ಲಿ 100 ಜಾತಿಯ ಸಸ್ತನಿಗಳನ್ನು ಅಳೆದು ನೋಡಿದವರಿಗೆ ಕರುಳು ಕಿರಿದಾದಲ್ಲಿ ಮಿದುಳು ಹಿರಿದಾಗಿದ್ದು ಕಾಣಲಿಲ್ಲ. ಹಾಗಾಗಿ ಆ ಕೊಡು-ಕೊಳ್ಳುವ ಲೆಕ್ಕದ ಬಗ್ಗೆ ಜಗಳ ಇದೆ. ನಮ್ಮ ದೊಡ್ಡ ಕರುಳು ಚಿಕ್ಕದಾಗಿದೆ ಅನ್ನುವುದರ ಬಗ್ಗೆ ಜಗಳ ಇಲ್ಲ.

ಮಾಂಸದ ಗುಂಪು ಇಲ್ಲಿ ಚಪ್ಪಾಳೆ ಹೊಡೆಯುತ್ತದೆ. ನೋಡಿ, ನಾರು ಅರಗಿಸುವ ಅಂಗವನ್ನೇ ವಿಕಾಸ ಕತ್ತರಿಸಿ ಹಾಕಿದೆ! ನಾನು ಹೇಳುವುದು, ಹೌದು, ಚಿಕ್ಕದಾಗಿದೆ. ಹೋಗಿಲ್ಲ. ಸುಮಾರು ಒಂದೂವರೆ ಮೀಟರ್ ಉದ್ದದ ಕರುಳು, ಅದರ ತುಂಬ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾ. ಇದನ್ನು ಪಳೆಯುಳಿಕೆ ಅಂತ ತಳ್ಳಿಹಾಕಲು ಆಗುವುದಿಲ್ಲ. ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಬಂದವರು ಅಡುಗೆಮನೆ ಬೇಡ ಅಂದರು ಅಂತ ಅರ್ಥ ಅಲ್ಲ.

ಪೂರ್ವಜರು ನಿಜವಾಗಿ ಏನು ತಿಂದರು? ಈ ಪ್ರಶ್ನೆಗೆ ಎಲ್ಲರಿಗೂ ಅವರವರಿಗೆ ಬೇಕಾದ ಪೂರ್ವಜ ಸಿಗುತ್ತಾನೆ. ಮಾಂಸ ಇಷ್ಟ ಇದ್ದವರಿಗೆ ಭರ್ಜಿ ಹಿಡಿದವನು, ಸೊಪ್ಪು ಇಷ್ಟ ಇದ್ದವರಿಗೆ ಬುಟ್ಟಿ ಹಿಡಿದವಳು. ಮೂಳೆ ಲಕ್ಷ ವರ್ಷ ಉಳಿಯುತ್ತದೆ, ಸೊಪ್ಪು ಎರಡು ದಿನಕ್ಕೆ ಕೊಳೆಯುತ್ತದೆ. ಹಾಗಾಗಿ ತುಂಬ ಕಾಲ ಬರೀ ಬೇಟೆಯ ಕಥೆಯೇ ನಡೆಯಿತು. ಈಗ ಹಾಗಿಲ್ಲ. ದಕ್ಷಿಣ ಆಫ್ರಿಕಾದ ಬಾರ್ಡರ್ ಕೇವ್‌ನಲ್ಲಿ 1,70,000 ವರ್ಷ ಹಿಂದಿನ ಒಲೆಯ ಬೂದಿಯಲ್ಲಿ ಸುಟ್ಟ ಗೆಡ್ಡೆಗಳು ಸಿಕ್ಕಿವೆ. ಇಸ್ರೇಲಿನ ಗೆಲಿಲೀ ಸರೋವರದ ದಂಡೆಯ ಒಹಾಲೊದಲ್ಲಿ, ಬೇಸಾಯ ಹುಟ್ಟುವುದಕ್ಕಿಂತ ಹತ್ತು ಸಾವಿರ ವರ್ಷಕ್ಕೂ ಮೊದಲೇ, ಕಾಡು ಬಾರ್ಲಿಯನ್ನು ಕಲ್ಲಿನ ಮೇಲೆ ಅರೆದಿದ್ದಾರೆ. ಸ್ಪೇನಿನ ಎಲ್ ಸಾಲ್ಟ್ ಎಂಬಲ್ಲಿ ಸುಮಾರು 50,000 ವರ್ಷ ಹಳೆಯ ನಿಯಾಂಡರ್ತಲ್ (ಅಳಿದುಹೋದ ನಮ್ಮ ನೆಂಟ ಮಾನವ) ಮಲದ ಗುರುತು ಸಿಕ್ಕಿತು. ಅದರ ರಾಸಾಯನಿಕ ಪರೀಕ್ಷೆ ಮಾಡಿದರೆ ಮಾಂಸದ ಕುರುಹು ಜಾಸ್ತಿ, ಜೊತೆಗೆ ಸಸ್ಯದ ಕುರುಹೂ ಇದೆ. ಮಾಂಸಾಹಾರದ ಚಾಂಪಿಯನ್ ಅಂತ ಹೆಸರಾದ ನಿಯಾಂಡರ್ತಲ್ ಕೂಡ ಸಸ್ಯ ತಿನ್ನುತ್ತಿದ್ದ.

ಮಲದ ವಿಷಯ ಬಂತು, ಮುಖ ಸಿಂಡರಿಸಬೇಡಿ. ಊಟದ ಬಗ್ಗೆ ಸುಳ್ಳು ಹೇಳದ ಸಾಕ್ಷಿ ಅದೊಂದೇ. ಉತ್ತರ ಅಮೆರಿಕದ ಚಿವಾವಾ ಮರುಭೂಮಿಯ ಕಲ್ಲಾಸರೆಗಳಲ್ಲಿ ಸಾವಿರಾರು ವರ್ಷದ ಒಣಗಿದ ಮಲ ಸಿಕ್ಕಿದೆ. ಅಲ್ಲಿನವರು ಕತ್ತಾಳೆಯಂಥ ಗಿಡಗಳ ಗಡ್ಡೆಯನ್ನು ನೆಲದ ಕುಳಿಯಲ್ಲಿ ಬೇಯಿಸಿ ತಿನ್ನುತ್ತಿದ್ದರು. ಗಂಡಸೊಬ್ಬ ದಿನಕ್ಕೆ ಸುಮಾರು 135 ಗ್ರಾಂ ಇನ್ಯುಲಿನ್ ಥರದ ನಾರು ತಿಂದಿರಬಹುದು ಅಂತ ಅಂದಾಜು. ಅಮೆರಿಕದಲ್ಲಿ ಈಗ ಒಬ್ಬ ಮನುಷ್ಯ ತಿನ್ನುವ ಒಟ್ಟು ನಾರು ದಿನಕ್ಕೆ ಸುಮಾರು 15 ಗ್ರಾಂ. ಅವರ ಒಂದು ದಿನದ ನಾರು ತಿನ್ನಲು ಇವರಿಗೆ ಒಂದು ವಾರಕ್ಕಿಂತ ಜಾಸ್ತಿ ಬೇಕು.

ಇಂಥ ಊಟ ಹೇಗಿರುತ್ತದೆ ಅಂತ ನೋಡಬೇಕಾದರೆ ತಾಂಜಾನಿಯಾದಲ್ಲಿ ಬೇಟೆಯಾಡಿ, ಹೆಕ್ಕಿ ತಿಂದು ಬದುಕುವ ಹಾಡ್ಜಾ ಜನರ ಹತ್ತಿರ ಹೋಗಬೇಕು. ಹೆಂಗಸರು ಮೊನಚು ಕೋಲಿನಿಂದ ಗಟ್ಟಿ ನೆಲ ಅಗೆದು ಗೆಡ್ಡೆ ಕೀಳುತ್ತಾರೆ. ಬೆಂಕಿಯ ಮೇಲೆ ಕೆಲವೇ ನಿಮಿಷ ಸುಡುತ್ತಾರೆ. ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ, ಅಗಿಯುತ್ತಾರೆ, ಅಗಿಯುತ್ತಲೇ ಇರುತ್ತಾರೆ. ರಸ ಮುಗಿದ ಮೇಲೆ ಉಳಿದ ನಾರಿನ ಹಿಪ್ಪೆಯನ್ನು ಉಗುಳುತ್ತಾರೆ. ಕಬ್ಬು ತಿಂದ ಹಾಗೆ. ನನಗೆ ಇದು ತುಂಬ ಇಷ್ಟವಾದ ಸಂಗತಿ, ಯಾಕೆಂದರೆ ಎರಡೂ ಗುಂಪಿನ ಬಾಯಿ ಮುಚ್ಚಿಸುತ್ತದೆ. ನಾರಿನ ಭಕ್ತರು ಹಾಡ್ಜಾಗಳು ದಿನಕ್ಕೆ 100 ಗ್ರಾಂ ಮೀರಿ ನಾರು ತಿನ್ನುತ್ತಾರೆ ಅಂತ ಬರೆಯುತ್ತಾರೆ. ಅದರಲ್ಲಿ ಉಗುಳಿದ್ದು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಇನ್ನೊಂದು ಕಡೆ, ಜೇನು ಮತ್ತು ಮಾಂಸ ಅವರ ಅಚ್ಚುಮೆಚ್ಚು. ಆದರೂ ಅವು ಸಿಗದ ದಿನ ಕೈಹಿಡಿಯುವುದು ಗೆಡ್ಡೆಯೇ. ನಾರನ್ನು ಯಾರೂ ಆಸೆಪಟ್ಟು ತಿಂದಿಲ್ಲ. ಅದು ಊಟದ ಜೊತೆ ಬಿಡಿಸಿಕೊಳ್ಳಲಾಗದೆ ಬಂದಿದ್ದು.

ಹಾಗಾದರೆ ಇನುಯಿಟ್? ಅವರ ಊಟದಲ್ಲಿ ಸಸ್ಯ ತೀರಾ ಕಡಿಮೆ, ನಿಜ. ಆದರೂ ಬೇಸಿಗೆಯಲ್ಲಿ ಬೆರ್ರಿ ಕೀಳುತ್ತಿದ್ದರು, ಕಡಲಪಾಚಿ ತಿನ್ನುತ್ತಿದ್ದರು, ಬೇಟೆಯಾಡಿದ ಕ್ಯಾರಿಬೂ ಜಿಂಕೆಯ ಹೊಟ್ಟೆಯಲ್ಲಿ ಅರ್ಧ ಅರಗಿದ ಮೇವನ್ನೂ ಬಿಡುತ್ತಿರಲಿಲ್ಲ. 2015ರಲ್ಲಿ ಗ್ರೀನ್‌ಲ್ಯಾಂಡಿನ ಇನುಯಿಟ್ ಜನರ ಜೀನ್‌ಗಳನ್ನು ನೋಡಿದಾಗ, ಕೊಬ್ಬನ್ನು ನಿಭಾಯಿಸುವ ಜೀನ್‌ಗಳಲ್ಲಿ ವಿಕಾಸದ ಬಲವಾದ ಗುರುತು ಸಿಕ್ಕಿತು. ಆ ಊಟಕ್ಕೆ ಹೊಂದಿಕೊಳ್ಳಲು ಅವರ ಮೈ ಸಾವಿರಾರು ವರ್ಷ ತೆಗೆದುಕೊಂಡಿದೆ. ನಾವು ಒಂದು ಸೋಮವಾರ ಬೆಳಗ್ಗೆ ತೀರ್ಮಾನ ಮಾಡಿ ಇನುಯಿಟ್ ಆಗಲು ಹೊರಟರೆ ಹೇಗೆ?

ಇನ್ನೊಂದು ಮಾತು. ಬೇಟೆಗಾರ ತಿನ್ನುವುದು ಬರೀ ಮೆದು ಮಾಂಸವಲ್ಲ. ಚರ್ಮ, ಸ್ನಾಯುರಜ್ಜು, ಮೃದ್ವಸ್ಥಿ ಎಲ್ಲ ಸೇರುತ್ತದೆ. 2013ರಲ್ಲಿ ಚೀತಾಗಳಿಗೆ ಒಮ್ಮೆ ಇಡೀ ಮೊಲ, ಒಮ್ಮೆ ಬರೀ ದನದ ಮಾಂಸ ಕೊಟ್ಟು ನೋಡಿದರು. ಅರಗದ ಈ ಪ್ರಾಣಿ ಭಾಗಗಳು ದೊಡ್ಡ ಕರುಳಿನಲ್ಲಿ ನಾರಿನ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುವುದು ಕಂಡಿತು. ಚೀತಾಕ್ಕೂ ಅರಗದ ತುತ್ತು ಬೇಕು ಅಂದ ಹಾಗಾಯಿತು.

ಗುಹೆ, ಬೂದಿ, ಮಲ ಎಲ್ಲ ಇರಲಿ. ಇವುಗಳಿಂದ ಯಾರು ಏನು ತಿಂದರು ಅಂತ ಗೊತ್ತಾಗುತ್ತದೆ, ಏನು ಬೇಕು ಅಂತ ಗೊತ್ತಾಗುವುದಿಲ್ಲ. ನನ್ನನ್ನು ಒಪ್ಪಿಸಿದ ಸಾಕ್ಷಿ ಬೇರೆ. ಅದು ಎದೆಹಾಲು.

ತಾಯಿಯ ಹಾಲಿನಲ್ಲಿ ನೀರು ಬಿಟ್ಟರೆ ಅತಿ ಹೆಚ್ಚು ಇರುವುದು ಲ್ಯಾಕ್ಟೋಸ್. ಆಮೇಲೆ ಕೊಬ್ಬು. ಮೂರನೇ ಸ್ಥಾನ ಪ್ರೋಟೀನಿಗೆ ಅಂದುಕೊಂಡಿರಾ? ಅಲ್ಲ. ಆಲಿಗೋಸ್ಯಾಕರೈಡ್ ಎಂಬ ಸಕ್ಕರೆ ಸರಗಳಿಗೆ. ಲೀಟರಿಗೆ 5ರಿಂದ 15 ಗ್ರಾಂ, ಹೆರಿಗೆಯಾದ ಮೊದಲ ದಿನಗಳಲ್ಲಿ ಇನ್ನೂ ಜಾಸ್ತಿ. ನೂರಕ್ಕೂ ಹೆಚ್ಚು ಬಗೆ. ಇನ್ನು ಕೇಳಿ: ಮಗುವಿಗೆ ಇದು ಅರಗುವುದೇ ಇಲ್ಲ. ಅದನ್ನು ಕತ್ತರಿಸುವ ಎನ್‌ಜೈಮ್ ಮಗುವಿನಲ್ಲಿ ಇಲ್ಲ. ಹೊಟ್ಟೆ ದಾಟಿ, ಸಣ್ಣ ಕರುಳು ದಾಟಿ ಬಹುಪಾಲು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ.

ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚುವರಿ ಖರ್ಚು. ಹಸಿವು ಅನ್ನುವುದು ಸದಾ ಬಾಗಿಲಲ್ಲೇ ನಿಂತಿದ್ದ ಕಾಲದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಅದರಲ್ಲಿ ಒಂದು ಪಾಲನ್ನು ಮಗುವಿಗೆ ಅರಗದ ವಸ್ತು ತಯಾರಿಸಲು ಯಾಕೆ ಸುರಿಯಬೇಕು? ವಿಕಾಸ ಇಂಥ ದುಂದುವೆಚ್ಚವನ್ನು ಸಹಿಸುವುದಿಲ್ಲ. ಉತ್ತರ ಮಗುವಿನ ಕರುಳಿನಲ್ಲಿದೆ. ಬೈಫಿಡೊಬ್ಯಾಕ್ಟೀರಿಯಂ ಇನ್ಫಾಂಟಿಸ್ ಎಂಬ ಬ್ಯಾಕ್ಟೀರಿಯಾದ ಹತ್ತಿರ ಈ ಸರಗಳನ್ನು ಒಳಗೆಳೆದು ಬಿಚ್ಚುವ ಜೀನ್‌ಗಳ ಇಡೀ ಸೆಟ್ಟೇ ಇದೆ. ಅದು ಈ ಸಕ್ಕರೆ ತಿಂದು ಆಮ್ಲ ಬಿಡುತ್ತದೆ. ಕರುಳು ಹುಳಿಯಾಗುತ್ತದೆ, ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ನೆಲೆ ಸಿಗುವುದಿಲ್ಲ. ತಾಯಿ ಒಂದೇ ಎದೆಯಿಂದ ಇಬ್ಬರಿಗೆ ಉಣಿಸುತ್ತಿದ್ದಾಳೆ. ಒಂದು ಮಗುವಿಗೆ, ಇನ್ನೊಂದು ಮಗುವಿನ ಕಾವಲುಗಾರನಿಗೆ.

ನನ್ನ ಮಟ್ಟಿಗೆ ಇಡೀ ಚರ್ಚೆ ಇಲ್ಲಿ ತಿರುವು ತೆಗೆದುಕೊಳ್ಳುತ್ತದೆ. ಗಿಡ ತನ್ನ ಕಾಂಡ ನಿಲ್ಲಿಸಲು ಸೆಲ್ಯುಲೋಸ್ ಮಾಡಿತು, ನಮಗೋಸ್ಕರ ಅಲ್ಲ. ಅದು ಕಾಕತಾಳೀಯವಾಗಿ ನಮ್ಮ ಊಟಕ್ಕೆ ಬಂತು ಅನ್ನಬಹುದು. ಆದರೆ ಎದೆಹಾಲು ನಮಗೋಸ್ಕರ, ನಮ್ಮಿಂದಲೇ ಆದ ಊಟ. ಅದರಲ್ಲಿ ಅರಗದ ಪಾಲು ಇದೆ ಅಂದರೆ, ದೊಡ್ಡ ಕರುಳಿನವರಿಗೂ ಒಂದು ತುತ್ತು ತೆಗೆದಿಡುವುದು ನಮ್ಮ ಒಡಲಿನ ಹಳೆಯ ಪದ್ಧತಿ. ಹಾಲು ಬಿಟ್ಟ ಮೇಲೆ ಆ ತುತ್ತು ಎಲ್ಲಿಂದ ಬರಬೇಕು? ಗಿಡದಿಂದಲೇ.

ಈ ಒಪ್ಪಂದ ಎಷ್ಟು ಹಳೆಯದು ಅಂತ ಜೀನ್‌ಗಳಲ್ಲಿ ಓದಬಹುದು. 2016ರ ಒಂದು ಅಧ್ಯಯನದಲ್ಲಿ ಮನುಷ್ಯ, ಚಿಂಪಾಂಜಿ, ಬೊನೊಬೊ, ಗೊರಿಲ್ಲಾಗಳ ಕರುಳಿನ ಬ್ಯಾಕ್ಟೀರಿಯಾಗಳ ವಂಶವೃಕ್ಷ ಬರೆದರು. ನಮ್ಮ ವಂಶಗಳು ಕವಲೊಡೆದ ಹಾಗೇ ಕೆಲವು ಬ್ಯಾಕ್ಟೀರಿಯಾಗಳೂ ಕವಲೊಡೆದಿವೆ. ಸುಮಾರು 1.5 ಕೋಟಿ ವರ್ಷಗಳಿಂದ ಜೊತೆಗೇ ಬಂದಿವೆ, ಮನೆತನದ ಒಕ್ಕಲಿನ ಹಾಗೆ. ಈ ಒಕ್ಕಲಿಗೆ ಕೊಟ್ಟ ಕೆಲಸ ನೋಡಿ. ಕಾರ್ಬೊಹೈಡ್ರೇಟ್ ಅರಗಿಸಲು ನಮ್ಮದೇ ಜೀನ್‌ಗಳಿಂದ ಬರುವ ಎನ್‌ಜೈಮ್‌ಗಳು 20ಕ್ಕಿಂತ ಕಡಿಮೆ. ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಮೈಕ್ರಾನ್ ಎಂಬ ಒಂದೇ ಒಂದು ಬ್ಯಾಕ್ಟೀರಿಯಾದ ಹತ್ತಿರ 260ಕ್ಕೂ ಜಾಸ್ತಿ. (ಹೆಸರು ಹೇಳಲು ಬಾರದಿದ್ದರೆ ಬೇಸರ ಬೇಡ, ವಿಜ್ಞಾನಿಗಳೂ ಮೋಟು ಮಾಡಿ ಬಿ. ಥೀಟಾ ಅನ್ನುತ್ತಾರೆ.) ಹೊಸ ಕತ್ತರಿ ಬೇಕಾದರೆ ನಮ್ಮ ಜೀನ್ ಬದಲಾಗಲು ಯುಗ ಬೇಕು, ಬ್ಯಾಕ್ಟೀರಿಯಾ ಪಕ್ಕದವನಿಂದ ಕಡ ತಂದುಬಿಡುತ್ತದೆ. ಜಪಾನೀಯರ ಕರುಳಿನ ಒಂದು ಬ್ಯಾಕ್ಟೀರಿಯಾ ನೋರಿ ಎಂಬ ಕಡಲಪಾಚಿಯನ್ನು ಅರಗಿಸುವ ಜೀನ್ ಹೊಂದಿದೆ ಅಂತ 2010ರಲ್ಲಿ ಗೊತ್ತಾಯಿತು. ಅದು ಬಂದಿದ್ದು ಕಡಲಿನ ಬ್ಯಾಕ್ಟೀರಿಯಾದಿಂದ, ಊಟದ ಜೊತೆ.

ಒಕ್ಕಲಿನವರು ಕೊಡುವ ಗೇಣಿ ಏನು? ಮುಖ್ಯವಾಗಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ. ನಮ್ಮ ಮೈಯ ಹೆಚ್ಚಿನ ಜೀವಕೋಶಗಳು ಊಟಕ್ಕೆ ರಕ್ತದ ಕಡೆ ಕೈ ಚಾಚುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳು ಮಾತ್ರ ತಮ್ಮ ಶಕ್ತಿಯ ಶೇ. 60-70ರಷ್ಟನ್ನು ಈ ಬ್ಯುಟಿರೇಟ್‌ನಿಂದ ಪಡೆಯುತ್ತವೆ. ಕರುಳಿನ ಆಪರೇಷನ್ ಆಗಿ ಮಲ ಹೊಟ್ಟೆಯ ಮೇಲಿನ ದಾರಿಯಿಂದ ಹೊರಹೋಗುವ ರೋಗಿಗಳಲ್ಲಿ ಕೆಳಗಿನ ಕರುಳು ಖಾಲಿ ಉಳಿಯುತ್ತದೆ. ಎಷ್ಟೋ ಸಲ ಆ ಖಾಲಿ ಭಾಗದ ಗೋಡೆ ಕೆಂಪಗೆ ಊದಿಕೊಂಡು ರಕ್ತ ಒಸರುತ್ತದೆ. 1989ರಲ್ಲಿ ಅಂಥ ಬೆರಳೆಣಿಕೆಯ ರೋಗಿಗಳಿಗೆ ಈ ಕೊಬ್ಬಿನಾಮ್ಲಗಳನ್ನೇ ಎನಿಮಾ ಮಾಡಿ ಕೊಟ್ಟಾಗ ಊತ ಇಳಿಯಿತು. ಆಮೇಲಿನ ಪ್ರಯತ್ನಗಳೆಲ್ಲ ಅಷ್ಟು ಚೆನ್ನಾಗಿ ಫಲ ಕೊಟ್ಟಿಲ್ಲ ಅಂತಲೂ ಹೇಳಬೇಕು. ಆದರೂ ರಕ್ತದ ತುಂಬ ಗ್ಲೂಕೋಸ್ ಹರಿಯುತ್ತಿದ್ದರೂ ಆ ಗೋಡೆ ಸೊರಗುವುದು ಏನನ್ನೋ ಹೇಳುತ್ತದೆ.

ಗೇಣಿ ಬೇಡ, ಒಕ್ಕಲಿಗೆ ಊಟ ನಿಲ್ಲಿಸುತ್ತೇವೆ ಅಂದರೆ? ಮನುಷ್ಯನ ಬ್ಯಾಕ್ಟೀರಿಯಾಗಳನ್ನು ಇಲಿಗಳೊಳಗೆ ಬಿಟ್ಟು 2016ರಲ್ಲಿ ನೋಡಿದರು. ನಾರು ಸಿಗದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ಬಳಿದಿರುವ ಲೋಳೆಯನ್ನೇ ಕೆರೆದು ತಿನ್ನತೊಡಗಿದವು. ಆ ಲೋಳೆಯೂ ಸಕ್ಕರೆಯ ಸರಗಳಿಂದಲೇ ಆದದ್ದು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಆದರೆ ತಪ್ಪು ಅವುಗಳದ್ದಲ್ಲ, ಬಡಿಸದಿದ್ದವರದ್ದು. ಲೋಳೆ ತೆಳುವಾದ ಇಲಿಗಳಿಗೆ ಸೋಂಕು ಹೆಚ್ಚು ಜೋರಾಗಿ ತಗುಲಿತು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಇಲಿಗಳಿಗೆ ನಾಲ್ಕು ತಲೆಮಾರು ನಾರು ಕಡಿಮೆ ಮಾಡಿದರು. ಪ್ರತಿ ತಲೆಮಾರಿಗೂ ಬ್ಯಾಕ್ಟೀರಿಯಾದ ಬಗೆಗಳು ಕರಗುತ್ತಾ ಹೋದವು. ಮೊದಲ ತಲೆಮಾರಿಗೆ ಮತ್ತೆ ನಾರು ಕೊಟ್ಟಾಗ ಹೆಚ್ಚಿನವು ವಾಪಸ್ ಬಂದವು. ನಾಲ್ಕನೆಯದಕ್ಕೆ ಕೊಟ್ಟರೆ ಬರಲಿಲ್ಲ. ಬಡಿಸಿದರೆ ಉಣ್ಣಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಇಲಿಗಳ ಮಾತು ಸಾಕು, ಮನುಷ್ಯರದು ಹೇಳಿ ಅನ್ನುತ್ತೀರಿ. ಡೆನಿಸ್ ಬರ್ಕಿಟ್ ಎಂಬ ಸರ್ಜನ್ ಉಗಾಂಡಾದಲ್ಲಿ ಕೆಲಸ ಮಾಡುತ್ತಿದ್ದರು. ಯುರೋಪಿನಲ್ಲಿ ದಿನಾ ನೋಡುವ ಕರುಳಿನ ಕಾಯಿಲೆಗಳು ಅಲ್ಲಿ ಅಪರೂಪ ಅನ್ನುವುದು ಅವರ ತಲೆ ಕೊರೆಯಿತು. 1972ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಳತೆ ನೋಡಿ: ಬ್ರಿಟನ್ನಿನವರ ಮಲದ ತೂಕ ದಿನಕ್ಕೆ ಸುಮಾರು 100 ಗ್ರಾಂ, ತಿಂದದ್ದು ಹೊರಬರಲು 80 ಗಂಟೆ ದಾಟುತ್ತಿತ್ತು. ಉಗಾಂಡಾದ ಹಳ್ಳಿಯವರದು 450 ಗ್ರಾಮಿಗಿಂತ ಜಾಸ್ತಿ, ಸುಮಾರು 36 ಗಂಟೆ. ನಾರಿನ ಹುಚ್ಚು ಶುರುವಾಗಿದ್ದು ಇಲ್ಲಿಂದ. ಬರ್ಕಿಟ್ ಒಳ್ಳೆಯ ಕಣ್ಣಿದ್ದ ಮನುಷ್ಯ. ಆದರೆ ಆ ಹಳ್ಳಿಗೂ ಬ್ರಿಟನ್ನಿಗೂ ನಾರೊಂದೇ ವ್ಯತ್ಯಾಸವಾ? ದುಡಿಮೆ, ವಯಸ್ಸು, ಸಕ್ಕರೆ, ಕೊಬ್ಬು, ರೋಗ ಪತ್ತೆ ಮಾಡುವ ವ್ಯವಸ್ಥೆ, ಎಲ್ಲವೂ ಬೇರೆ.

ಆಮೇಲೆ ನೇರ ಪರೀಕ್ಷೆಗಳು ಬಂದವು, ನಿರಾಸೆಯೂ ಬಂತು. ಹೃದಯಾಘಾತ ಆಗಿದ್ದ 2,033 ಗಂಡಸರ ಮೇಲಿನ 1989ರ ಪರೀಕ್ಷೆಯಲ್ಲಿ ಧಾನ್ಯದ ನಾರು ಹೆಚ್ಚಿಸಿದವರಿಗೆ ಎರಡು ವರ್ಷದಲ್ಲಿ ಏನೂ ಲಾಭ ಆಗಲಿಲ್ಲ. 2000ದಲ್ಲಿ ಎರಡು ದೊಡ್ಡ ಪರೀಕ್ಷೆಗಳು ನಾರಿನಿಂದ ಕರುಳಿನ ಒಳಗೋಡೆಯ ಗಂಟುಗಳು (ಪಾಲಿಪ್) ಮರುಕಳಿಸುವುದು ನಿಲ್ಲಲಿಲ್ಲ ಅಂದವು. ಇದನ್ನು ಮುಚ್ಚಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೊಂದು ಕಡೆ, 2019ರಲ್ಲಿ 185 ದೀರ್ಘಕಾಲದ ಅಧ್ಯಯನ ಮತ್ತು 58 ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ, ನಾರು ಜಾಸ್ತಿ ತಿನ್ನುವವರಲ್ಲಿ ಸಾವು, ಹೃದ್ರೋಗ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಶೇ. 15ರಿಂದ 30ರಷ್ಟು ಕಡಿಮೆ ಕಂಡಿತು. ದಿನಕ್ಕೆ 25-29 ಗ್ರಾಂ ತಿನ್ನುವವರಿಗೆ ಲಾಭ ಚೆನ್ನಾಗಿತ್ತು.

ಎರಡನ್ನೂ ಹೇಗೆ ಹೊಂದಿಸುವುದು? ನನ್ನ ಅನಿಸಿಕೆ ಹೀಗಿದೆ. ತವುಡು ಚಮಚದಲ್ಲಿ ಅಳೆದು ಹಾಕುವುದು ಬೇರೆ, ನಾರಿರುವ ಊಟವನ್ನೇ ಊಟ ಮಾಡುವುದು ಬೇರೆ. 2015ರಲ್ಲಿ ಪಿಟ್ಸ್‌ಬರ್ಗ್‌ನ 20 ಆಫ್ರಿಕನ್ ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕಾದ 20 ಹಳ್ಳಿಗರಿಗೂ ಎರಡು ವಾರ ಊಟ ಅದಲು ಬದಲು ಮಾಡಿದರು. ಅಮೆರಿಕದವರ ನಾರು 14 ಗ್ರಾಮಿನಿಂದ 55ಕ್ಕೆ ಏರಿತು, ಹಳ್ಳಿಗರದು 66ರಿಂದ 12ಕ್ಕೆ ಇಳಿಯಿತು. ಎರಡೇ ವಾರಕ್ಕೆ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ಗೋಡೆಯ ಉರಿಯೂತ ಇಳಿಯಿತು. ಹಳ್ಳಿಗರಲ್ಲಿ ಇದರ ಉಲ್ಟಾ. ಇಲ್ಲೂ ಕೊಬ್ಬು, ಮಾಂಸ ಕೂಡ ಬದಲಾಗಿತ್ತು, ನಾರಿಗೊಂದಕ್ಕೇ ಹಾರ ಹಾಕುವಂತಿಲ್ಲ.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ. ಮೂರು ಪ್ರಶ್ನೆ ಬಂದವು.

ಮುಂದಿನ ಸಾಲಿನ ಹುಡುಗನೊಬ್ಬ ಎದ್ದ. "ಸರ್, ಪೂರ್ವಜರು 100 ಗ್ರಾಂ ತಿಂದಿದ್ದರೆ ನಾವೂ ಅಷ್ಟು ತಿನ್ನಬೇಕಾ?" ಬೇಡಪ್ಪ. ಪೂರ್ವಜರಿಗೆ ಹಲ್ಲು ನೋವಿತ್ತು, ಹೊಟ್ಟೆಯಲ್ಲಿ ಹುಳ ಇತ್ತು. ಅವರು ಮಾಡಿದ್ದೆಲ್ಲ ಮಾದರಿ ಅಲ್ಲ. ವಿಕಾಸಕ್ಕೆ ಬೇಕಾಗಿದ್ದು ಮಕ್ಕಳು ಬದುಕುಳಿಯುವುದು. ನೀನು ಎಂಬತ್ತರಲ್ಲಿ ಆರೋಗ್ಯವಾಗಿರುವುದು ಅದರ ಪಟ್ಟಿಯಲ್ಲಿ ಬಹಳ ಕೆಳಗಿದೆ.

ಹಿರಿಯರೊಬ್ಬರು ಸ್ವಲ್ಪ ಸಂಕೋಚದಿಂದಲೇ ಕೇಳಿದರು. "ನಾರು ಜಾಸ್ತಿ ಮಾಡಿದ ಮೇಲೆ ನನಗೆ ಮಲಬದ್ಧತೆ, ಗ್ಯಾಸು ಎರಡೂ ಹೆಚ್ಚಾಯಿತು. ನಾನೇ ಏನೋ ತಪ್ಪು ಮಾಡುತ್ತಿದ್ದೇನಾ?" ಇಲ್ಲ ಸರ್. 2012ರಲ್ಲಿ ಹಳೆಯ ಮಲಬದ್ಧತೆಯ 63 ಜನರಿಗೆ ನಾರು ನಿಲ್ಲಿಸಿ ನೋಡಿದಾಗ ಪೂರ್ತಿ ನಿಲ್ಲಿಸಿದವರಿಗೆ ಸಮಾಧಾನ ಸಿಕ್ಕಿತ್ತು. ಚಿಕ್ಕ ಅಧ್ಯಯನ, ಆದರೂ ನಿಮ್ಮಂಥವರು ಇದ್ದಾರೆ. ವರ್ಷಗಟ್ಟಲೆ ಹಸಿದಿದ್ದ ಮನೆಗೆ ಒಂದೇ ದಿನ ಮದುವೆ ಊಟ ಬಡಿಸಿದರೆ ಗಲಾಟೆ ಆಗುತ್ತದೆ. ವಾರ ವಾರ ಚೂರು ಚೂರು ಏರಿಸಿ, ಬಗೆ ಬದಲಿಸಿ ನೋಡಿ. ಆಗಲೂ ಒಗ್ಗದಿದ್ದರೆ ನನ್ನ ಭಾಷಣ ಬಿಟ್ಟು ನಿಮ್ಮ ಡಾಕ್ಟರ ಮಾತು ಕೇಳಿ.

ಕೊನೆಯವರು ತೊಡೆಯ ಮೇಲೆ ಕೂಸು ಮಲಗಿಸಿಕೊಂಡು ಕೂತಿದ್ದ ತಾಯಿ. "ಆ ಇನ್ಫಾಂಟಿಸ್ ಇವಳ ಹೊಟ್ಟೆಯಲ್ಲಿ ಇದೆಯಾ?" ಇರಬಹುದು, ಇಲ್ಲದೆಯೂ ಇರಬಹುದು ಅಂದೆ. ಕೈಗಾರಿಕೆ ಬೆಳೆದ ದೇಶಗಳ ಕೂಸುಗಳಲ್ಲಿ ಅದು ಈಗ ಕಡಿಮೆಯಾಗುತ್ತಿದೆ. ಅಂಥ ಕಡೆ ತಾಯಿ ಹಾಲಿನಲ್ಲಿ ಅದೇ ಸಕ್ಕರೆ ಈಗಲೂ ಕಳಿಸುತ್ತಾಳೆ, ತಿನ್ನಬೇಕಾದವನು ಇಲ್ಲದೆ ಎಷ್ಟೋ ಪಾಲು ಹಾಗೇ ಕೂಸಿನ ಬಟ್ಟೆಗೆ ಬಂದು ಬೀಳುತ್ತದೆ. ಅವರು ಕೂಸಿನ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದರು. ಅಷ್ಟು ಹೊತ್ತಿಗೆ ಅದಕ್ಕೆ ಎಚ್ಚರವಾಯಿತು, ಹಸಿವಿಗೆ ಅಳಲು ಶುರು ಮಾಡಿತು. ಅವರು ಎದ್ದು ಹೊರಗೆ ಹೋದರು.